ಹುಡುಗ ಡಾಕ್ಟರಾ, ಡಾಕ್ಟರೇಟಾ?

ಆಟಿ ಅಮಾವಾಸ್ಯೆಯ ಮುನ್ನಾದಿನ ಸಂಜೆ, ಉಡುಪಿಯ ರಥಬೀದಿ ಹತ್ತಿರದ ಹೋಟೆಲೊಂದರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರ ಕೆಲಸ ಹೋಯಿತು. ತೆಗೆದುಹಾಕಿದ್ದು ನಮ್ಮ ಶೆಟ್ರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಒಂದು ಪ್ಲೇಟ್ ಗೋಳಿಬಜೆ ಮುಗಿಯುವುದರೊಳಗೆ ಆದೇಶ ಹೊರಬಿತ್ತು.

"ಅವ ಡಾಕ್ಟರೇ ಅಲ್ಲ ಮಾರಾಯ್ರೆ!"

ಮಾತು ಸುಳ್ಳಲ್ಲ. ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅಧನೋಮ್ ಘೆಬ್ರೆಯೆಸಸ್ ಎಂಬಿಬಿಎಸ್ ಓದಿದವರಲ್ಲ. 1948ರಿಂದ ಆ ಕುರ್ಚಿಯಲ್ಲಿ ಕೂತವರೆಲ್ಲ ವೈದ್ಯರು. 2017ರಲ್ಲಿ ಬಂದ ಇವರೇ ಮೊದಲ ಬಾರಿಗೆ ಆ ಸಾಲು ಮುರಿದವರು. ಅಸ್ಮಾರದಲ್ಲಿ ಜೀವಶಾಸ್ತ್ರ, ಲಂಡನ್ನಿನಲ್ಲಿ ಸೋಂಕುರೋಗಗಳ ಮೇಲೆ ಎಂಎಸ್ಸಿ, ನಾಟಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ. ಅಂದರೆ ಹೆಸರಿನ ಹಿಂದೆ 'ಡಾ.' ಉಂಟು, ಕೊರಳಲ್ಲಿ ಸ್ಟೆತಸ್ಕೋಪ್ ಇಲ್ಲ.

ನಮ್ಮ ಕಡೆ ಇದು ಸಂಬಂಧ ಮುರಿಯಲಿಕ್ಕೆ ಸಾಕಾಗುವ ಕಾರಣ. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಕಂಡ ಊರಿದು. 'ಹುಡುಗ ಡಾಕ್ಟರಂತೆ' ಎಂದರೆ ಹುಡುಗಿ ಮನೆಯವರು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಾರೆ. 'ಪಿಎಚ್‌ಡಿ ಡಾಕ್ಟರಂತೆ' ಎಂದು ಗೊತ್ತಾದರೆ ಆ ಚಮಚ ವಾಪಸ್ ಡಬ್ಬಿಗೆ. ಆ ಪಿಎಚ್‌ಡಿ ಯಾವುದರ ಮೇಲೆ ಎಂದು ಕೇಳುವ ತಾಳ್ಮೆ ಯಾರಿಗಿದೆ? ಅಣೆಕಟ್ಟಿನ ಅಕ್ಕಪಕ್ಕ ಮಲೇರಿಯಾ ಹೇಗೆ ಹಬ್ಬುತ್ತದೆ ಎಂಬುದರ ಮೇಲೆ! ಕಟ್ಟುತ್ತಿರುವ ಫ್ಲ್ಯಾಟಿನ ತಳದಲ್ಲಿ ನೀರು ನಿಲ್ಲಿಸಿ ಸೊಳ್ಳೆ ಸಾಕುವ ಮಂಗಳೂರಿಗೆ ಇದಕ್ಕಿಂತ ಹತ್ತಿರದ ನೆಂಟ ಸಿಗಲಿಕ್ಕಿಲ್ಲ.

ಇನ್ನು ಶೆಟ್ರ ವೈದ್ಯಕೀಯದ ವಿಷಯ. ಕೊರೊನಾ ಕಾಲದಲ್ಲಿ ಇಡೀ ಫ್ಲ್ಯಾಟಿಗೆ ಅಮೃತಬಳ್ಳಿ ಕಷಾಯ ಎಷ್ಟು ಹೊತ್ತಿಗೆ ಎಷ್ಟು ಲೋಟ ಎಂದು ಹೇಳಿದ್ದು ಅವರು. ಪಕ್ಕದ ಮನೆಯ ರಾಯರ ಶುಗರ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದೂ ಅವರು. ಕಲಿತದ್ದು ಬಿಕಾಂ.

2022ರ ಏಪ್ರಿಲ್‌ನಲ್ಲಿ ಗಾಂಧಿನಗರದ ಸಭೆಯಲ್ಲಿ ಪ್ರಧಾನಿ ಇದೇ ಟೆಡ್ರೋಸರಿಗೆ 'ತುಳಸಿ ಭಾಯಿ' ಎಂದು ನಾಮಕರಣ ಮಾಡಿದಾಗ ಟಿವಿ ಮುಂದೆ ಚಪ್ಪಾಳೆ ಹೊಡೆದವರಲ್ಲಿ ಶೆಟ್ರು ಮೊದಲಿಗರು. ಆ ದಿನ ಎಂಬಿಬಿಎಸ್ ನೆನಪಾಗಲಿಲ್ಲ.

ನಾನು ಮೆಲ್ಲಗೆ ಹೇಳಿದೆ. "ಶೆಟ್ರೆ, ಬೈಲಿಕ್ಕೆ ಬೇರೆ ವಿಷಯ ಬೇಕಾದಷ್ಟು ಉಂಟಲ್ಲ? 2017ರ ಅಕ್ಟೋಬರಿನಲ್ಲಿ, ಕುರ್ಚಿ ಬಿಸಿಯಾಗುವ ಮೊದಲೇ, ಜಿಂಬಾಬ್ವೆಯ ಅಧ್ಯಕ್ಷ ಮುಗಾಬೆಯನ್ನು ಸೌಹಾರ್ದ ರಾಯಭಾರಿ ಮಾಡಿದರು. ತನ್ನ ಚಿಕಿತ್ಸೆಗೆ ಸಿಂಗಾಪುರಕ್ಕೆ ಹಾರುತ್ತಿದ್ದ ಮನುಷ್ಯ ಆರೋಗ್ಯದ ರಾಯಭಾರಿ! ಜಗತ್ತೆಲ್ಲ ಬೈದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡರು."

"ಹೌದಾ?" ಎಂದು ಶೆಟ್ರು ಚಟ್ನಿ ಕೇಳಿದರು.

"2020ರ ಜನವರಿ 14ರಂದು ಅವರ ಸಂಸ್ಥೆ, ಕೊರೊನಾ ಮನುಷ್ಯರಿಂದ ಮನುಷ್ಯರಿಗೆ ಹರಡುವುದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ ಎಂಬ ಚೀನಾದವರ ಮಾತನ್ನು ಹಾಗೇ ಟ್ವೀಟ್ ಮಾಡಿತು. ಜಾಗತಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿದ್ದು ಜನವರಿ 30ಕ್ಕೆ. ಪಕ್ಕದ ಕೇರಳದಲ್ಲಿ ದೇಶದ ಮೊದಲ ಕೇಸು ಸಿಕ್ಕಿದ್ದೂ ಅದೇ ದಿನ. ಇಥಿಯೋಪಿಯಾದಲ್ಲಿ ಮಂತ್ರಿಯಾಗಿದ್ದಾಗ ಕಾಲರಾವನ್ನು ಕಾಲರಾ ಎನ್ನದೆ 'ನೀರುಭೇದಿ' ಎಂದು ಕರೆದು ಮುಚ್ಚಿಟ್ಟರು ಎಂಬ ಆರೋಪವೂ ಉಂಟು. ಅವರು ಒಪ್ಪುವುದಿಲ್ಲ, ಅದು ಬೇರೆ."

ಈ ಕೊನೆಯ ವಿಷಯಕ್ಕೆ ಶೆಟ್ರು ತಲೆ ಎತ್ತಲೇ ಇಲ್ಲ. ಹೆಸರು ಬದಲಿಸುವುದು ನಮಗೇನು ಹೊಸತಾ? ಇಲ್ಲಿ ಡೆಂಗ್ಯೂ ಬರುವುದೇ ಇಲ್ಲ, ಬಂದದ್ದೆಲ್ಲ 'ಶಂಕಿತ ಡೆಂಗ್ಯೂ'. ಮನುಷ್ಯ ಗುಣವಾಗಿ ಮನೆಗೆ ಬಂದ ಮೇಲೂ ಜ್ವರ ಮಾತ್ರ ಶಂಕಿತವಾಗಿಯೇ ಉಳಿಯುತ್ತದೆ.

ಒಳ್ಳೆಯದನ್ನೂ ಹೇಳಿ ನೋಡಿದೆ. ಟೆಡ್ರೋಸ್ ಮಂತ್ರಿಯಾಗಿದ್ದ ಕಾಲದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ 30 ಸಾವಿರಕ್ಕೂ ಜಾಸ್ತಿ ಹೆಂಗಸರು ಹಳ್ಳಿಹಳ್ಳಿಯಲ್ಲಿ ಕೆಲಸಕ್ಕೆ ಇಳಿದಿದ್ದರು. "ಅವರಾದರೂ ಎಂಬಿಬಿಎಸ್ಸಾ?" ಎಂದರು ಶೆಟ್ರು.

ನನಗೆ 2020ರ ಮಾರ್ಚ್ ನೆನಪಾಯಿತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರೇ. ಆದರೆ ಕೊರೊನಾ ಹೆದರಿಕೆಗೆ ನಮ್ಮವರು ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್‌ ತಡೆದರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಮಣ್ಣು ಸುರಿಸಿದವರ ಸರ್ಟಿಫಿಕೇಟನ್ನು ನಮ್ಮ ಟೇಬಲಿನಲ್ಲಿ ಯಾರೂ ಕೇಳಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಿಲ್ಲು ಶೆಟ್ರೇ ಕೊಡುವವರಿದ್ದರು.

ಅಷ್ಟರಲ್ಲಿ ಪಕ್ಕದ ಟೇಬಲಿನ ಹುಡುಗ ಎದ್ದು ಬಂದ. ಶೆಟ್ರ ದೂರದ ಸಂಬಂಧಿ.

"ಮಾವ, ನಾಳೆ ಅಮಾವಾಸ್ಯೆ ಕಷಾಯಕ್ಕೆ ಪಾಲೆ ಮರದ ತೊಗಟೆ ನಾನೇ ತಂದುಕೊಡ್ತೇನೆ. ಸೂರ್ಯ ಹುಟ್ಟುವ ಮೊದಲೇ ಹೋಗಿ ಕಲ್ಲಲ್ಲಿ ಕೆತ್ತಿ ತರುವುದು, ಅಲ್ವಾ?"

ಶೆಟ್ರು ತಟ್ಟೆ ಆಚೆ ಸರಿಸಿದರು. ಮುಖ ಗಂಭೀರವಾಯಿತು.

"ಹೋದ ವರ್ಷ ಯಾರಿಗೆಲ್ಲ ತಂದುಕೊಟ್ಟಿದ್ದಿ? ಅವರೆಲ್ಲ ಹುಷಾರಿದ್ದಾರಾ? ಕತ್ತಲಲ್ಲಿ ಪಾಲೆ ಅಂತ ವಿಷದ ಕಾಸರಕದ ಮರ ಕೆತ್ತಿ ತಂದರೆ ನಮ್ಮ ಕಥೆ ಮುಗಿಯಿತು, ಗೊತ್ತುಂಟಲ್ಲ?"

"ಮಾವ, ನಾನು ಎಂಬಿಬಿಎಸ್ ಥರ್ಡ್ ಇಯರ್!"

"ಅದೆಲ್ಲ ಇರ್ಲಿ ಮಾರಾಯ. ಮರ ಗೊತ್ತುಂಟಾ?"