ಬೈಯುವ ಕ್ಯಾಸೆಟ್

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕ್ರೈಸ್ತನಾದನೆಂದು 1979ರಲ್ಲಿ ಅವನ ಅಭಿಮಾನಿಗಳಲ್ಲಿ ಎಷ್ಟೋ ಮಂದಿ ಮುನಿಸಿಕೊಂಡರು. ಯಹೂದಿ ಮನೆತನದಲ್ಲಿ ಹುಟ್ಟಿದವನು, ಯಾವ ಗುಂಪಿಗೂ ಸಿಗದೆ ತಪ್ಪಿಸಿಕೊಂಡು ತಿರುಗಿದವನು, ‘ಸ್ಲೋ ಟ್ರೇನ್ ಕಮಿಂಗ್’ ಆಲ್ಬಮ್ಮಿನ ತುಂಬ ಕ್ರಿಸ್ತನನ್ನು ಹಾಡಿ, ಕೇಳುವವರನ್ನೇ ಗದರಿಸಿಬಿಟ್ಟ. ಸಕಲೇಶಪುರದ ಕಡೆಯ ನನಗೆ ಈ ಗದರಿಕೆ ಹೊಸದೆನಿಸಲಿಲ್ಲ. ವಚನ, ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಭಕ್ತರ ಬೈಗುಳ ರೂಢಿಯಾಗಿರುತ್ತದೆ. ಆದರೆ ಪುರಂದರದಾಸರು ಬೈಯುವಾಗ ಮೀಸೆಯಡಿಯಲ್ಲೊಂದು ನಗು ಇರುತ್ತದೆ. ಈ ಆಲ್ಬಮ್ಮಿನ ಡಿಲನ್‌ಗೆ ಅದು ಸಾಲದು.

ನನ್ನದು ಕ್ಯಾಸೆಟ್ ಪ್ರತಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಯಿಂದ ಕ್ಯಾಸೆಟ್‌ವರೆಗೆ ಎಲ್ಲಕ್ಕೂ ಬೂಷ್ಟು. ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸೆಲ್ಲು ಹಾಕಿ ಕೇಳಬೇಕು. ಸೆಲ್ಲು ಸೊರಗಿದಂತೆ ಹಾಡು ಎಳೆಯತೊಡಗಿ, ಮೂಗಿನಲ್ಲಿ ಹಾಡುವ ಡಿಲನ್ ಹೊಟ್ಟೆಯಿಂದ ಹಾಡುವವನಾಗುತ್ತಿದ್ದ. “ಪಾಪ, ನೆಗಡಿ ಎದೆಗಿಳಿಯಿತು. ಅವನಿಗೊಂದು ಲೋಟ ಮೆಣಸಿನ ಕಷಾಯ ಕೊಡುವವರಿಲ್ಲವೇನೋ?” ಎನ್ನುತ್ತಿದ್ದರು ಅಜ್ಜಿ.

ಆ ವಯಸ್ಸಿನಲ್ಲಿ ನಾನು ಕೇಳುತ್ತಿದ್ದುದು ಗಿಟಾರ್ ಒಂದನ್ನೇ. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ನುಡಿಸಿದ್ದು. ಡಿಲನ್ ಹೆದರಿಸಿ ಬಿಟ್ಟ ಜಾಗದಲ್ಲಿ ನಾಫ್ಲರ್‌ನ ಗಿಟಾರ್ ಬಂದು ಸಮಾಧಾನ ಹೇಳುತ್ತದೆ. ಅಲಬಾಮಾದ ಮಸಲ್ ಶೋಲ್ಸ್ ಸ್ಟುಡಿಯೋದಲ್ಲಿ ಇದನ್ನು ಧ್ವನಿಮುದ್ರಿಸುವಾಗ ಡಿಲನ್ ನಿರ್ಮಾಪಕ ಜೆರ್ರಿ ವೆಕ್ಸ್‌ಲರ್‌ಗೂ ಬೋಧನೆ ಶುರು ಮಾಡಿದನಂತೆ. ತಾನು 62 ವರ್ಷದ ಪಕ್ಕಾ ನಾಸ್ತಿಕ, ತಿದ್ದುವ ಆಸೆ ಬಿಟ್ಟು ಆಲ್ಬಮ್ ಮಾಡೋಣ ಎಂದನಂತೆ ವೆಕ್ಸ್‌ಲರ್. ಬಹುಕಾಲ ನಾನೂ ಆತನ ಪಕ್ಷದವನೇ ಆಗಿದ್ದೆ.

ಈಗ ಪಕ್ಷ ಸ್ವಲ್ಪ ಸಡಿಲಗೊಂಡಿದೆ. ಹಿಂದೆಲ್ಲ ಬೇಸರದಿಂದ ಮುಂದಕ್ಕೆ ಓಡಿಸುತ್ತಿದ್ದ ಕೊನೆಯ ಹಾಡಿಗಾಗಿಯೇ ಇಂದು ಆಲ್ಬಮ್ ಹಾಕುತ್ತೇನೆ. ಅದರಲ್ಲಿ ಬ್ಯಾರಿ ಬೆಕೆಟ್‌ನ ಪಿಯಾನೊ ಬಿಟ್ಟರೆ ಬೇರೆ ವಾದ್ಯವಿಲ್ಲ. ಎಂಟು ಹಾಡುಗಳಲ್ಲಿ ಊರಿಗೆಲ್ಲ ಬುದ್ಧಿ ಹೇಳಿದವನು ಇಲ್ಲಿ ತನಗೇ ಹೇಳಿಕೊಳ್ಳುತ್ತಾನೆ, ದನಿ ಒಡೆಯುತ್ತದೆ. ಅವನ ನಂಬಿಕೆ ನನ್ನದಲ್ಲ. ಆ ದನಿಯನ್ನು ಮಾತ್ರ ನಂಬದಿರಲಾಗುವುದಿಲ್ಲ.

ಹಾಸನ–ಮಂಗಳೂರು ರೈಲುಮಾರ್ಗ ತೆರೆದದ್ದೂ 1979ರಲ್ಲೇ. ಅದರಲ್ಲಿ ಸುಬ್ರಹ್ಮಣ್ಯಕ್ಕೆ ಇಳಿಯುವಾಗ ಕಿವಿಗೆ ಈ ಆಲ್ಬಮ್ಮನ್ನೇ ಸಿಕ್ಕಿಸಿಕೊಳ್ಳುತ್ತೇನೆ. ಡಿಲನ್ನನ ನಿಧಾನದ ರೈಲು ಮುಕ್ಕಾಲು ಗಂಟೆಗೆ ಬಂದು ಹೋಗಿಬಿಡುತ್ತದೆ. ನಮ್ಮದು ಇನ್ನೂ ಘಟ್ಟದ ನಡುವಿನ ಎಡಕುಮೇರಿ ನಿಲ್ದಾಣ ಮುಟ್ಟಿರುವುದಿಲ್ಲ.

ಮನೆಯ ಮಕ್ಕಳಿಗೆ ಇದರಲ್ಲಿ ಒಂದೇ ಹಾಡು ಸಾಕು: ಮನುಷ್ಯ ಪ್ರಾಣಿಗಳಿಗೆಲ್ಲ ಹೆಸರಿಟ್ಟ ಕಥೆ. ಕರಡಿ, ಹಸು, ಹಂದಿ, ಕುರಿ ಎಲ್ಲಕ್ಕೂ ಹೆಸರು ಬೀಳುತ್ತದೆ. ಕೊನೆಗೆ ಹುಲ್ಲಿನಲ್ಲಿ ಹರಿದು ಬಂದದ್ದಕ್ಕೆ ಹೆಸರಿಡದೆಯೇ ಹಾಡು ನಿಂತುಬಿಡುತ್ತದೆ. ಮಕ್ಕಳು “ಹಾವು! ಹಾವು!” ಎಂದು ಕಿರುಚುತ್ತವೆ. ದೀಪ ಹಚ್ಚಿದ ಮೇಲೆ ಅದರ ಹೆಸರೆತ್ತಬಾರದೆಂಬ ಮನೆಯ ಕಟ್ಟಳೆಯನ್ನು ಪಾಲಿಸುವವನು ಡಿಲನ್ ಒಬ್ಬನೇ.