ನಕ್ಷೆಯಲ್ಲಿ ಎಂಟು ಕಾರು

ಶಿವಮೊಗ್ಗದ ನೆಹರು ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ 40-60ರ ಸೈಟು ಇದ್ದವನಿಗೆ ಭೂಮಿತಾಯಿ ಮೇಲೂ ಕೊಡುತ್ತಾಳೆ, ಕೆಳಗೂ ಕೊಡುತ್ತಾಳೆ. ಮೇಲೆ ಕಟ್ಟಿದ್ದಕ್ಕೆ ಮಹಡಿ ಅಂತ ಒಂದೇ ಹೆಸರು. ಕೆಳಗೆ ತೋಡಿದ ಬೇಸ್‌ಮೆಂಟಿಗೆ ಮೂರು: ನಕ್ಷೆ ಪಾಸಾಗುವವರೆಗೆ ಪಾರ್ಕಿಂಗ್, ಆಮೇಲೆ ಗೋಡೌನ್, ದೀಪಾವಳಿ ಹತ್ತಿರ ಬಂದಾಗ ಬಟ್ಟೆ ಸೇಲ್.

ನಕ್ಷೆಯಲ್ಲಿ ಅಲ್ಲಿ ಎಂಟು ಕಾರು ನಿಂತಿರುತ್ತವೆ. ಅಚ್ಚುಕಟ್ಟಾದ ಕಾರುಗಳು, ಬಾಗಿಲು ತೆರೆಯುವ ಚಟ ಇಲ್ಲದವು. ಅವು ಒಳಗೆ ಹೋದದ್ದು ಹೇಗೆ ಎಂಬ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಹಾಕೋಣ. ತೊಲೆಯ ಕೆಳಗೆ ತಲೆ ತಾಗದಷ್ಟು 8 ಅಡಿ, ತೊಲೆ-ಸ್ಲ್ಯಾಬಿಗೆ 2 ಅಡಿ, ನೆಲಮಹಡಿ ರಸ್ತೆಗಿಂತ 1 ಅಡಿ ಎತ್ತರ ಎಂದುಕೊಂಡರೂ ಕಾರು 9 ಅಡಿ ಇಳಿಯಬೇಕು. 8 ಅಡಿ ಮುಂದಕ್ಕೆ 1 ಅಡಿ ಇಳಿಜಾರು ಎಂದರೆ ರ‍್ಯಾಂಪಿನ ಉದ್ದ 72 ಅಡಿ. ಸೈಟಿನ ಉದ್ದವೇ 60. ಮಿಕ್ಕ 12 ಅಡಿ ಹಿಂದಿನ ಕನ್ಸರ್ವೆನ್ಸಿ ಓಣಿ ದಾಟಿ ಆಚೆಮನೆಯವರ ಬಚ್ಚಲಿಗೆ ಹೋಗಿ ಮುಟ್ಟಬೇಕು.

ಕಟ್ಟುವಾಗ ಅಷ್ಟೆಲ್ಲ ಯಾಕೆ ಅಂತ 30 ಅಡಿಗೇ ಮುಗಿಸುತ್ತಾರೆ. ಮೇಲಿನ ಅಂಚಿನಲ್ಲೂ ಬುಡದಲ್ಲೂ ಎಂಟ್ಹತ್ತು ಅಡಿ ಇಳಿಜಾರನ್ನು ಅರ್ಧ ಮಾಡಿ ಹದಗೊಳಿಸಬೇಕಿತ್ತು, ಅದೂ ಇಲ್ಲ. ಹಾಗಾಗಿ ಕಾರು ಮೇಲೆ ಹೊಟ್ಟೆ ತರಚಿಕೊಳ್ಳುತ್ತದೆ, ಕೆಳಗೆ ಮೂಗು ಜಜ್ಜಿಕೊಳ್ಳುತ್ತದೆ. ವಾಪಸು ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಮೂರನೇ ಮಹಡಿಯ ಡೆಂಟಲ್ ಕ್ಲಿನಿಕ್‌ವರೆಗೂ. ಒಂದು ಸಲ ಇಳಿದವನು ಮತ್ತೆ ಇಳಿಯುವುದಿಲ್ಲ. ಮಾಲೀಕರಿಗೆ ಬೇಕಾದದ್ದೂ ಅದೇ: "ನಾವು ಪಾರ್ಕಿಂಗ್ ಕೊಟ್ಟಿದೀವಿ ಸಾರ್, ಜನಾನೇ ಬಳಸಲ್ಲ."

ಆರಿದ್ರಾ ಮಳೆ ಹಿಡಿಯಿತು ಅನ್ನಿ. ನಮ್ಮ ಕಡೆಯ ಮಳೆ ನಕ್ಷೆ ನೋಡಿ ಬರುವುದಿಲ್ಲ. ರಸ್ತೆ ನೀರು ಒಳಗೆ ಬಾರದಿರಲಿ ಅಂತ ರ‍್ಯಾಂಪಿನ ಬಾಯಲ್ಲಿ ಅರ್ಧ ಅಡಿ ದಿಬ್ಬ ಬಿಟ್ಟಿರುತ್ತಾರೆ. ಆದರೆ ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕಿ ಹಾಕಿ ರಸ್ತೆಯೇ ದಿಬ್ಬದ ಸಮಕ್ಕೆ ಬಂದಿರುತ್ತದೆ. ಅಡ್ಡ ಹಾಕಿದ ಕಬ್ಬಿಣದ ಜಾಲರಿಯಲ್ಲಿ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಕವರು. ಗೋಡೆಗೆ ಹೊರಗಡೆಯಿಂದ ವಾಟರ್‌ಪ್ರೂಫಿಂಗ್ ಮಾಡದೆ ಒಳಗಡೆ ಬಳಿದದ್ದರಿಂದ ಒರತೆ ಬಣ್ಣವನ್ನೇ ಹಪ್ಪಳದ ಹಾಗೆ ಉಬ್ಬಿಸಿ ಕೆಡವುತ್ತದೆ. ಮೂಲೆಯ ಗುಂಡಿಯಲ್ಲಿ 1 ಎಚ್‌ಪಿ ಪಂಪು ಇದೆ, ಸರಿ. ಮಳೆ ಜೋರಾದಾಗ ಕರೆಂಟು ಹೋಗುತ್ತದೆ. ಕರೆಂಟು ಹೋದರೆ ಜನರೇಟರ್ ಇದೆ. ಜನರೇಟರ್ ಎಲ್ಲಿದೆ? ಬೇಸ್‌ಮೆಂಟಿನಲ್ಲಿ. ಮೊದಲು ಮುಳುಗುವುದು ಅದೇ.

ಕಾನೂನು ಸುಮ್ಮನಿಲ್ಲ. ನಕ್ಷೆಯಂತೆ ಕಟ್ಟಿದೆ ಎನ್ನುವ ವಾಸಯೋಗ್ಯ ಪ್ರಮಾಣಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲೇ ಹೇಳಿತು. ಅದಕ್ಕೆ ನಮ್ಮವರ ಉತ್ತರ ಸರಳ: ತಪಾಸಣೆಗೆ ಬರುವ ಬೆಳಿಗ್ಗೆ ಬೇಸ್‌ಮೆಂಟ್ ಖಾಲಿ, ನೆಲದ ಮೇಲೆ ಹಸಿ ಸುಣ್ಣದ ಗೆರೆ, ಸಾಕ್ಷಿಗೆ ನೆಂಟರದ್ದೊಂದು ಆಲ್ಟೊ. ಪತ್ರ ಕೈಗೆ ಬಂದ ವಾರದಲ್ಲಿ ಸಿಮೆಂಟ್ ಇಟ್ಟಿಗೆ ಇಳಿಯುತ್ತದೆ. ಅಷ್ಟೂ ತಾಳ್ಮೆ ಇಲ್ಲದವರು ಕಟ್ಟುವಾಗ ತಗೊಂಡ ಟೆಂಪರರಿ ಮೀಟರಿನಲ್ಲೇ ಹೆಚ್ಚಿನ ದರ ಕಟ್ಟಿಕೊಂಡು ವರ್ಷಗಟ್ಟಲೆ ಕಾಲ ಹಾಕುತ್ತಾರೆ, ಮೆಸ್ಕಾಂಗೂ ನಷ್ಟವಿಲ್ಲ. ಇನ್ನು ಕೆಲವರು ನಕ್ಷೆ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಬಂದೀತು ಅಂತ ಮಳೆಗಾಲದ ಕಪ್ಪೆಯ ಹಾಗೆ ಕಾಯುತ್ತಿದ್ದಾರೆ; ಅದಕ್ಕೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗಿದೆ.

ನಿಜವಾದ ಚಮತ್ಕಾರ ಬಾಡಿಗೆ ಕರಾರಿನಲ್ಲಿದೆ. ಕರಾರು 11 ತಿಂಗಳದ್ದೇ, ಏಕೆಂದರೆ ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಹತ್ತು ತಿಂಗಳ ಅಡ್ವಾನ್ಸ್. ಟೇಪು ಹಿಡಿದರೆ 140 ಚದರಡಿ ಬರುವ ಮಳಿಗೆ ಕಾಗದದಲ್ಲಿ 200. ಆ 60 ಚದರಡಿ ಎಲ್ಲಿ ಹೋಯಿತು ಸ್ವಾಮಿ ಅಂದರೆ ಮೆಟ್ಟಿಲು, ಲಿಫ್ಟು, ಪ್ಯಾಸೇಜು, "ಮತ್ತೆ ಪಾರ್ಕಿಂಗಿನಲ್ಲಿ ನಿಮ್ಮ ಪಾಲು." ಅಂದರೆ ಮೊಬೈಲ್ ಕವರ್ ಮಾರುವವನು ತಿಂಗಳು ತಿಂಗಳು ಪಾರ್ಕಿಂಗಿಗೂ ಬಾಡಿಗೆ ಕಟ್ಟುತ್ತಾನೆ. ಅದೇ ಪಾರ್ಕಿಂಗಿನಲ್ಲಿ ಅಂಗಡಿ ಇಟ್ಟ ನೈಟಿ ವ್ಯಾಪಾರಿಯೂ ಕಟ್ಟುತ್ತಾನೆ, ಅವನ ಕರಾರಿನಲ್ಲೂ ಪಾರ್ಕಿಂಗಿನ ಪಾಲು ಇದೆ. ಇಬ್ಬರ ಸ್ಕೂಟರೂ ಫುಟ್‌ಪಾತಿನ ಮೇಲೆ, "ಗ್ರಾಹಕರಿಗೆ ಪಾರ್ಕಿಂಗ್ ಸೌಲಭ್ಯವಿದೆ" ಎಂಬ ಬೋರ್ಡಿಗೆ ಒರಗಿಕೊಂಡು ನಿಂತಿವೆ.