ತೊಗಲಿಗೆ ತಕ್ಕ ಕತ್ತಿ

ಚರ್ಮ ಕತ್ತರಿಸುವ ಕತ್ತಿಯನ್ನು ಮೊದಲ ಸಲ ನೋಡುವವರಿಗೆ ಅದನ್ನು ಕತ್ತಿಯೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಕತ್ತಿಗೆ ಇರಬೇಕಾದ ಮೊನೆಯಿಲ್ಲ, ಉದ್ದವಿಲ್ಲ, ಠೀವಿಯಂತೂ ಇಲ್ಲವೇ ಇಲ್ಲ. ಅರ್ಧಚಂದ್ರಾಕಾರದ ಒಂದು ಉಕ್ಕಿನ ತಗಡು, ಅದರ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿದ ಗಿಡ್ಡ ಹಿಡಿ, ಇಷ್ಟೇ. ಬಾಗಿದ ಅಂಚೆಲ್ಲ ಬಾಯಿ. ಇದನ್ನು ಝಳಪಿಸಿ ಯಾರನ್ನಾದರೂ ಹೆದರಿಸಲು ಹೊರಟರೆ ನಗೆಪಾಟಲಾಗುವುದು ಖಂಡಿತ. ಆದರೆ ಈಜಿಪ್ಟಿನ ಥೀಬ್ಸ್‌ನಲ್ಲಿ, ಕ್ರಿ.ಪೂ. 15ನೆಯ ಶತಮಾನದ ಮಂತ್ರಿ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಚರ್ಮದ ಕೆಲಸಗಾರರ ಚಿತ್ರಗಳಿವೆ. ಅಲ್ಲಿಯೂ ಇದೇ ಬಾಗಿದ ಅಲಗು. ಅಲ್ಲಿಂದೀಚೆಗೆ ಮನುಷ್ಯ ಚಕ್ರಕ್ಕೆ ರಬ್ಬರು ತೊಡಿಸಿದ, ದೀಪಕ್ಕೆ ತಂತಿ ಎಳೆದ. ಈ ಕತ್ತಿಯ ಆಕಾರದ ತಂಟೆಗೆ ಮಾತ್ರ ಹೋಗಲಿಲ್ಲ.

ಹೋಗದಿದ್ದುದಕ್ಕೆ ಕಾರಣ ತೊಗಲಿನ ಸ್ವಭಾವದಲ್ಲಿದೆ. ಬಟ್ಟೆಯಲ್ಲಿ ನೂಲಿನ ದಾರಿಯಿದೆ, ಕತ್ತರಿ ಆ ದಾರಿ ಹಿಡಿದು ನಡೆದುಬಿಡುತ್ತದೆ. ತೊಗಲಿನ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದು ಯಾವ ದಿಕ್ಕಿಗೂ ದಾರಿ ಬಿಡುವುದಿಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ದಪ್ಪ ತೊಗಲನ್ನು ಸಾಧಾರಣ ಕತ್ತರಿಗೆ ಕೊಟ್ಟರೆ ಅದು ಮೊದಲು ಮಡಿಸುತ್ತದೆ, ಆಮೇಲೆ ಜಗಿಯುತ್ತದೆ, ಕೊನೆಗೆ ಓರೆಯಾದ ಅಂಚೊಂದನ್ನು ಉಗುಳುತ್ತದೆ. ಚಾಕುವಿನಿಂದ ಎಳೆದರೆ ಸಡಿಲ ಭಾಗ ಚಾಕುವಿನ ಜೊತೆಗೇ ಹಿಗ್ಗಿಕೊಂಡು ಬರುತ್ತದೆ. ಅರ್ಧಚಂದ್ರದ ಕತ್ತಿ ಎಳೆಯುವ ಗೋಜಿಗೇ ಹೋಗುವುದಿಲ್ಲ. ಒತ್ತಿಕೊಂಡು ಮುಂದಕ್ಕೆ ಉರುಳುತ್ತದೆ. ಹಿಡಿ ಅಲಗಿನ ನೆತ್ತಿಯ ಮೇಲಿರುವುದರಿಂದ ತೋಳಿನ ಭಾರವೆಲ್ಲ ನೇರವಾಗಿ ಬಾಯಿಗೆ ಇಳಿಯುತ್ತದೆ. ಉದ್ದನೆಯ ಗೆರೆಗೆ ನಡುಬಾಯಿ, ತಿರುವಿಗೂ ಮೂಲೆಗೂ ಕೊಂಬಿನಂಥ ತುದಿಗಳು.

ಕೆಳಗೊಂದು ಮರದ ಹಲಗೆಯೂ ಬೇಕು, ಕಲ್ಲು ಗಾಜು ಆಗದು. ವಚನಕಾರ ಮಾದಾರ ಚೆನ್ನಯ್ಯನ ಅಂಕಿತದಲ್ಲಿ ಕೈಯುಳಿ, ಕತ್ತಿಗಳ ಪಕ್ಕದಲ್ಲೇ ಅಡಿಗೂಂಟಕ್ಕೂ, ಅಂದರೆ ಅಡಿಗಿಡುವ ಮರದ ಕೊರಡಿಗೂ, ಜಾಗ ಸಿಕ್ಕಿದೆ. ಕಸುಬು ಬಲ್ಲವನು ಕತ್ತಿಯನ್ನು ಹೊಗಳಿ ಹಲಗೆಯನ್ನು ಮರೆಯುವುದಿಲ್ಲ.

ಈಗ ಯಂತ್ರಗಳಿವೆ. ಉಕ್ಕಿನ ಅಚ್ಚನ್ನಿಟ್ಟು ಒತ್ತಿದರೆ ಒಂದೇ ಅಳತೆಯ ತುಂಡುಗಳು ಸಾಲಾಗಿ ಬೀಳುತ್ತವೆ. ಲೇಸರ್ ಕೂಡ ಕತ್ತರಿಸುತ್ತದೆ, ಅಂಚನ್ನು ಕರಕಲು ಮಾಡಿ ಸುಟ್ಟ ಕೂದಲಿನ ವಾಸನೆ ಹಬ್ಬಿಸುತ್ತದೆ. ಆದರೆ ಒಂದು ಹಸುವಿನ ಚರ್ಮ ಇನ್ನೊಂದರಂತಿರುವುದಿಲ್ಲ. ಮುಳ್ಳುತಂತಿ ಗೀರಿದ ಗೆರೆ, ಉಣ್ಣೆ ಕಚ್ಚಿದ ಚುಕ್ಕೆ, ಕತ್ತಿನ ಸುಕ್ಕು, ಹೊಟ್ಟೆಯ ನರ ಎಲ್ಲವೂ ಹದಮಾಡಿದ ಮೇಲೂ ಉಳಿಯುತ್ತವೆ. ಯಾವ ಗಾಯವನ್ನು ಬಳಸಿಕೊಂಡು ಹೋಗಬೇಕು, ಯಾವುದನ್ನು ಒಳಮಗ್ಗುಲಿಗೆ ತಳ್ಳಿ ಮುಚ್ಚಬಹುದು ಎಂದು ಲೆಕ್ಕ ಹಾಕುತ್ತ ಕತ್ತರಿಸುವವನಿಗೆ ಕೈಗತ್ತಿಯೇ ಅನುಕೂಲ.

ಈ ಕತ್ತಿಗಳ ನಿಜವಾದ ಪರೀಕ್ಷೆ ಕತ್ತರಿಸುವುದರಲ್ಲಿ ಇಲ್ಲ, ಹೆರೆಯುವುದರಲ್ಲಿದೆ. ಚೀಲದ ಅಂಚನ್ನು ಮಡಿಸಿ ಹೊಲಿಯಬೇಕಾದರೆ ಅಲ್ಲಿ ತೊಗಲು ಎರಡು ಪದರವಾಗಿ ಉಬ್ಬುತ್ತದೆ. ಅದಕ್ಕೆ ಮೊದಲೇ ಅಂಚನ್ನು ಒಳಬದಿಯಿಂದ ಇಳಿಜಾರಾಗಿ ತೆಳುಗೊಳಿಸಬೇಕು. 2 ಮಿಲಿಮೀಟರಿನ ತೊಗಲು ಬೆರಳಗಲದೊಳಗೆ ಕಾಗದದಷ್ಟು ತೆಳುವಾಗಬೇಕು, ಎಲ್ಲಿಯೂ ತೂತು ಬೀಳಬಾರದು. ಜಪಾನಿನ ಚರ್ಮದ ಕತ್ತಿ ಇದಕ್ಕೆ ಹೇಳಿ ಮಾಡಿಸಿದ್ದು. ಉಳಿಯಂತೆ ಅಡ್ಡಬಾಯಿ, ಒಂದು ಮುಖ ಚಪ್ಪಟೆ, ಇನ್ನೊಂದು ಮುಖಕ್ಕೆ ಮಾತ್ರ ಇಳಿಜಾರು. ಮೆದು ಕಬ್ಬಿಣದ ಬೆನ್ನಿಗೆ ತೆಳುವಾದ ಗಡಸು ಉಕ್ಕನ್ನು ಬೆಸೆದಿರುತ್ತಾರೆ. ಉಕ್ಕು ಬಾಯಿಯನ್ನು ಕಾಯುತ್ತದೆ, ಕಬ್ಬಿಣ ಪೆಟ್ಟನ್ನು ನುಂಗುತ್ತದೆ, ಮಸೆಯುವಾಗ ಕಲ್ಲಿಗೆ ಬೇಗ ಬಗ್ಗುವುದೂ ಅದೇ. ಹೆರೆಯುವಾಗ ಹರಿತದ ಬಾಯಿಂದ ಏಳುವ ಸಿಪ್ಪೆ ಒಂದೇ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಬರುತ್ತದೆ; ಮೊಂಡಾಗಿದ್ದರೆ ತೊಗಲು ಮುದ್ದೆಯಾಗಿ ಮುಂದಕ್ಕೆ ಸರಿದು, ಕತ್ತಿ ಇದ್ದಕ್ಕಿದ್ದಂತೆ ಜಾರುತ್ತದೆ. ಎಡಗೈ ಎಂದಿಗೂ ಬಾಯಿಯ ಮುಂದೆ ಇರಕೂಡದು ಎಂಬ ನಿಯಮ ಹುಟ್ಟಿದ್ದು ಇಲ್ಲಿಯೇ.

ಕೈಯಾರೆ ಕತ್ತಿ ಮಾಡುವವರು ಹೆಚ್ಚಾಗಿ ಲೋಹ ಉಜ್ಜುವ ಹಳೆಯ ಅರದಿಂದ ಶುರುಮಾಡುತ್ತಾರೆ. ಅರದಲ್ಲಿ ಶೇಕಡಾ 1ಕ್ಕೂ ಮೀರಿದ ಇಂಗಾಲವಿರುತ್ತದೆ, ಉಕ್ಕು ಒಳ್ಳೆಯದು, ಆದರೆ ಗಡಸು ಅತಿಯಾಗಿ, ಬಿದ್ದರೆ ಒಡೆಯುವಂಥದ್ದು. ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಮೆತ್ತಗಾಗುತ್ತದೆ. ಆಗ ಕೊಯ್ದು ಆಕಾರ ಕೊಡಬಹುದು. ಮತ್ತೆ ಕೆಂಪಗೆ ಕಾಯಿಸಬೇಕು. ಎಷ್ಟು ಎನ್ನುವುದನ್ನು ಅಯಸ್ಕಾಂತ ಹೇಳುತ್ತದೆ, ಏಕೆಂದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಷ್ಟು ಗಡಸು, ಗಾಜಿನಷ್ಟೇ ಸಿಡುಕು. ಆ ಸಿಡುಕನ್ನು ಇಳಿಸಲು ಉಜ್ಜಿ ಬೆಳಗಿಸಿ 200 ಡಿಗ್ರಿಯ ಆಸುಪಾಸಿನಲ್ಲಿ ಮತ್ತೊಮ್ಮೆ ಹದವಾಗಿ ಕಾಯಿಸುತ್ತಾರೆ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ. ನೀಲಿ ಬಂತೋ, ಕೆಟ್ಟಿತು ಎಂದೇ ಲೆಕ್ಕ. ಸಾಣೆಯಂತ್ರಕ್ಕೆ ಅವಸರದಲ್ಲಿ ಒತ್ತಿ ಹಿಡಿದರೂ ಅದೇ ನೀಲಿ ಬರುತ್ತದೆ. ಲೋಹ ಕೊಯ್ಯುವ ದೊಡ್ಡ ಗರಗಸ ಯಂತ್ರದ ಸವೆದ ಅಲಗನ್ನು ಆರಿಸಿಕೊಂಡವರಿಗೆ ಈ ಕಾಟ ಕಡಿಮೆ: ಅದು ಸಾಮಾನ್ಯವಾಗಿ ವೇಗದ ಕೆಲಸಕ್ಕೆಂದೇ ಮಾಡಿದ ಉಕ್ಕು, 500 ಡಿಗ್ರಿಗೂ ಜಗ್ಗುವುದಿಲ್ಲ. ತಾಳ್ಮೆಯಿಂದ ಉಜ್ಜುತ್ತಿದ್ದರೆ ಸಾಕು. ಅಲೆಅಲೆಯ ವಿನ್ಯಾಸದ ಅಲಗು, ಬಣ್ಣದ ರಾಳದ ಹಿಡಿಯ ಕತ್ತಿಗಳೂ ಸಿಗುತ್ತವೆ. ಅವು ಗೋಡೆಗೆ ಚೆಂದ.

ಮಾಡಿದವನ ಕೆಲಸ ಮುಗಿದಲ್ಲಿಗೆ ಕತ್ತಿ ಅರ್ಧ ಆಯಿತು. ಬಾಯಿ ಕಟ್ಟುವ ಉಳಿದರ್ಧವನ್ನು ಇಟ್ಟುಕೊಂಡವನು ದಿನಾ ಮಾಡಬೇಕು, ಅದು ಮುಗಿಯುವ ಕೆಲಸವೂ ಅಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ, ಮಸೆಯಲಾರದವನಿಗೆ ಎಲ್ಲ ಕತ್ತಿಯೂ ಕಳಪೆ. ಒರಟು ಕಲ್ಲು, ನುಣುಪು ಕಲ್ಲು ಮುಗಿದ ಮೇಲೆ ಕೊನೆಯ ಹರಿತ ಕೂಡಿಸುವುದು ಹಲಗೆಗೆ ಅಂಟಿಸಿದ ತೊಗಲಿನ ಪಟ್ಟಿ! ಅದಕ್ಕೆ ಹಸಿರು ಮುಲಾಮು ಬಳಿದು, ಬಾಯಿಯನ್ನು ಹಿಂದಕ್ಕೆ ಮಾಡಿ ಎಳೆಯುತ್ತಾರೆ. ಆ ಹಸಿರು ಕ್ರೋಮಿಯಂ ಆಕ್ಸೈಡ್. ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಕ್ರೋಮಿಯಂ ಬಳಸಿ ಚರ್ಮ ಹದಮಾಡುವ ಪೇಟೆಂಟ್ ಪಡೆದ ಮೇಲೆ ಜಗತ್ತಿನ ಬಹುಪಾಲು ತೊಗಲು ಆ ಲೋಹದ ಲವಣದಲ್ಲೇ ಮುಳುಗಿ ಬರುತ್ತಿದೆ. ಸೀಳಿಸಿಕೊಳ್ಳುವುದೂ ತೊಗಲು, ಸೀಳುವವನಿಗೆ ಹರಿತ ಕೊಡುವುದೂ ತೊಗಲು. ಹಾಗೆಂದು ಇವೆರಡರ ನಂಟು ಪೂರಾ ಸೌಹಾರ್ದದ್ದೇನೂ ಅಲ್ಲ. ಮರದ ತೊಗಟೆಯಿಂದ ಹದಮಾಡಿದ ಚರ್ಮದ ಟ್ಯಾನಿನ್ ಎಂಬ ಒಗರು ಸತ್ವ, ಸ್ವಲ್ಪ ತೇವ ಸಿಕ್ಕರೂ ಕಬ್ಬಿಣದೊಂದಿಗೆ ಕೂಡಿ ಕಪ್ಪುಕಲೆ ಕಟ್ಟುತ್ತದೆ; ಹಿಂದೆ ಶಾಯಿ ಮಾಡುತ್ತಿದ್ದುದೂ ಇದೇ ಉಪಾಯದಿಂದ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಮಲಗಿದ ಕತ್ತಿ ತುಕ್ಕು ಹಿಡಿದೇ ಏಳುತ್ತದೆ. ಎಣ್ಣೆ ಒರೆಸಿ ಹೊರಗಿಡುವುದು ಲೇಸು.

ಪ್ಲೇಟೋನ ಹೆಸರಿನಲ್ಲಿರುವ ಒಂದು ಸಂವಾದದಲ್ಲಿ ಸಾಕ್ರಟೀಸ್ ಚಮ್ಮಾರನ ಕತ್ತಿಗಳನ್ನೇ ಎತ್ತಿಕೊಂಡು ವಾದಿಸುತ್ತಾನೆ: ಬಳಸುವವನು ಬೇರೆ, ಬಳಸುವ ಉಪಕರಣ ಬೇರೆ. ತರ್ಕ ಸರಿಯಿರಬಹುದು, ಆದರೆ ಬಹುಕಾಲ ಒಬ್ಬನ ಕೈಯಲ್ಲಿದ್ದ ಕತ್ತಿಯನ್ನು ಅವನು ನೋಡಿದಂತಿಲ್ಲ. ಬಲಗೈಯವನ ಕತ್ತಿಯ ಒಂದು ಕೊಂಬು ಹೆಚ್ಚು ಸವೆದಿರುತ್ತದೆ. ಮಣಿಕಟ್ಟು ವಾಲುವುದಕ್ಕೆ ತಕ್ಕಂತೆ ಇಳಿಜಾರು ಒಂದು ಕಡೆಗೆ ತಿರುಗಿರುತ್ತದೆ. ಹಿಡಿಯಲ್ಲಿ ಹೆಬ್ಬೆರಳು ಕೂರುವ ಗುಳಿ ಬಿದ್ದಿರುತ್ತದೆ. ಮಸೆದು ಮಸೆದು ಅಲಗು ಅರ್ಧಕ್ಕೆ ಇಳಿದಿರುತ್ತದೆ. ಅಂಥ ಕತ್ತಿಯನ್ನು ಪ್ರೀತಿಯಿಂದ ಯಾರಿಗಾದರೂ ದಾಟಿಸಿದರೆ, ಪಡೆದವರು ಕಾಲಿಗೆ ನಮಸ್ಕಾರ ಮಾಡಿ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಬಾಗಿಲು ಹಾಕಿಕೊಂಡು, ಆ ಹಿರಿಯರ ಕೋನವನ್ನೆಲ್ಲ ಒರಟು ಕಲ್ಲಿನ ಮೇಲೆ ತಿಕ್ಕಿ ತೆಗೆದು, ತಮ್ಮ ಕೋನ ಕಟ್ಟಲು ಕೂರುತ್ತಾರೆ.